ಮೊಮ್ಮಗಳ ಸೀಟು ಮತ್ತು ನನ್ನ ಟೆಂಡರ್ ಬುದ್ಧಿ

ಇದನ್ನು ಹೇಳಬೇಕೆಂದುಕೊಂಡು ಬಹಳ ಕಾಲವಾಯಿತು. ಹೇಳಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಕಾಯಿ ಕೀಳುವವನು ಬರುತ್ತೇನೆಂದಿದ್ದಾನೆ, ಅವನು ಬಂದು ಹೋಗಲಿ. ಮೋಟಾರಿಗೆ ಕರೆಂಟು ಬಂದಿದೆ, ಮೊದಲು ನೀರು ಹಾಯಿಸೋಣ. ಹಬ್ಬದ ಹೊತ್ತಿನಲ್ಲಿ ಇಂಥ ಮಾತೇಕೆ, ಹಬ್ಬ ಕಳೆಯಲಿ. ತಪ್ಪಿಸಿಕೊಳ್ಳಬೇಕೆಂದಿರುವ ಮನುಷ್ಯನಿಗೆ ತೆಂಗಿನ ತೋಟದಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಅಲ್ಲಿ ಯಾವಾಗ ಹೋದರೂ ಒಂದು ಸೋಗೆ ಬಿದ್ದೇ ಇರುತ್ತದೆ.

ಆದರೆ ಮೊನ್ನೆ ತುರುವೇಕೆರೆ ಪೇಟೆಯಲ್ಲಿ ಸಿಕ್ಕಿಬಿದ್ದೆ. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದ ರಂಗಸ್ವಾಮಿಯೂ ನಾನೂ ಬಿ.ಪಿ. ಮಾತ್ರೆ ತರಲು ಹೊರಟಿದ್ದೆವು. ಒಂದು ಟೈಲರ್ ಅಂಗಡಿ ಹತ್ತಿರವಾಗುತ್ತಿದ್ದಂತೆ ನನ್ನ ಕಾಲು ತಾನಾಗಿಯೇ ರಸ್ತೆಯ ಆಚೆ ಬದಿಗೆ ತಿರುಗಿತು. ಅಂಗಡಿ ದಾಟಿದ ಮೇಲೆ ಮತ್ತೆ ಈಚೆಗೆ ಬಂದೆ. ರಂಗಸ್ವಾಮಿ ನೆರಳಲ್ಲಿ ನಿಂತು ನೋಡುತ್ತಿದ್ದ.

“ಏನ್ಲಾ ಇದು? ಹೋದ್ ಸಲೀನೂ ನೋಡ್ದೆ. ಇಲ್ಲಿಗ್ ಬಂದೇಟ್ಗೆ ಆ ಕಡೀಕೆ ಹೋಯ್ತೀಯ, ತಿರ್ಗ ಈ ಕಡೀಕೆ ಬತ್ತೀಯ.”

“ನಡೆಯೋದು ಒಳ್ಳೇದು ಅಂತ ಡಾಕ್ಟ್ರು ಹೇಳವ್ರೆ ಕಣ್ಲಾ.”

“ಉದ್ದುಕ್ ನಡಿ ಅಂದಿರ್ತಾರೆ. ಅಡ್ಡಡ್ಡ ನಡಿ ಅಂದ್ರಾ?”

ನಕ್ಕು ಮುಂದೆ ನಡೆದೆ. ಆದರೆ ಮನೆಗೆ ಬಂದರೂ ಆ ಮಾತು ಬಿಡಲಿಲ್ಲ.

ಆ ಅಂಗಡಿ ನಯಾಜ್‌ನದು. ಅವನ ತಂದೆ ನನ್ನ ಮದುವೆಯ ಅಂಗಿ ಹೊಲಿದವರು. ಈಗ ಅಂಗಡಿಯ ಅರ್ಧದಲ್ಲಿ ಹೊಲಿಗೆ ಮಿಷನ್ನು, ಇನ್ನರ್ಧದಲ್ಲಿ ಕಂಪ್ಯೂಟರು. ಒಂದು ಕಡೆ ಬ್ಲೌಸಿನ ಅಳತೆ ನಡೆಯುತ್ತಿದ್ದರೆ ಇನ್ನೊಂದು ಕಡೆ ಪಹಣಿ, ಆಧಾರ್, ಮಕ್ಕಳ ಕಾಲೇಜಿನ ಅರ್ಜಿ. ನಯಾಜ್‌ಗೂ ನನಗೂ ಯಾವ ಜಗಳವೂ ಇಲ್ಲ. ನನ್ನನ್ನು ಕಂಡರೆ ‘ಬನ್ನಿ ಯಜಮಾನ್ರೆ’ ಎಂದು ಸ್ಟೂಲು ಎಳೆಯುವ ಮನುಷ್ಯ ಅವನು. ನನಗೆ ಭಯ ಆ ಸ್ಟೂಲಿನದೇ. ಅದರ ಮೇಲೆ ಕೂತು ಒಂದು ಮಧ್ಯಾಹ್ನ ನಾನು ನನ್ನ ಮೊಮ್ಮಗಳ ಓದನ್ನು ಬೇರೆ ದಾರಿಗೆ ತಿರುಗಿಸಿಬಿಟ್ಟೆ. ಅದರ ದೂರು ಇನ್ನೊಬ್ಬರ ತಲೆಯ ಮೇಲೆ ಹೋಗಿ ಕೂತಿತು. ಇವತ್ತಿಗೂ ಅಲ್ಲೇ ಕೂತಿದೆ.

ನಮ್ಮದು ಸಣ್ಣ ಸಂಸಾರ. ಹೆಂಡತಿ ತೀರಿಕೊಂಡ ಮೇಲೆ ನಾನು, ಮಗ, ಸೊಸೆ, ಮೊಮ್ಮಗಳು ಸಿಂಚನ, ಇಷ್ಟೇ. ಮಗ ಎಳನೀರಿನ ಲಾರಿ ಓಡಿಸುತ್ತಾನೆ. ಊರಿಗೆ ಬಂದರೆ ನಿದ್ದೆ, ಹೊರಟರೆ ಹೈದರಾಬಾದೋ ಪೂನಾವೋ. ದಾರಿಯಲ್ಲಿ ಸಿಗ್ನಲ್ ಇದ್ದರೆ ಫೋನಿನಲ್ಲಿ ಸಿಗುತ್ತಾನೆ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಹುಡುಗಿಯ ಓದು ಬರಹದ ಉಸ್ತುವಾರಿಯೆಲ್ಲ ಸೊಸೆಯದು. ಹಾಗೆಂದು ನಾನು ಸುಮ್ಮನಿರುತ್ತಿದ್ದೆ ಎಂದುಕೊಳ್ಳಬೇಡಿ. ಮನೆಯ ಹಿರಿಯನಿಗೆ ಕೆಲಸವಿಲ್ಲದಿದ್ದರೂ ಅಭಿಪ್ರಾಯವಿರುತ್ತದೆ.

ನನ್ನ ಕಾಲದಲ್ಲಿ ಕಾಲೇಜಿಗೆ ಸೇರಿಸುವುದು ಇಷ್ಟು ದೊಡ್ಡ ಕೆಲಸವಾಗಿರಲಿಲ್ಲ, ಏಕೆಂದರೆ ಸೇರಿಸುತ್ತಲೇ ಇರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ತಂದಾಗ ಅಪ್ಪ ಅಟ್ಟದ ಮೇಲಿದ್ದರು. ನಮ್ಮ ಕಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ತುಂಬಿ ವರ್ಷಗಟ್ಟಲೆ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಎನ್ನುವವರೆಗೂ ಕಾಯಬೇಕು. ಅಪ್ಪ ಒಂದೊಂದೇ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ನಾನು ಏಣಿಯ ಬುಡದಲ್ಲಿ ನಿಂತೆ.

“ಪಾಸಾ?”

“ಹೂಂ.”

“ಸರಿ. ನಾಳೆ ತಿಪಟೂರ್ಗೆ ಹೋಗಾನ. ಮಂಡೀಲಿ ಬರೆಯಾಕೆ ಒಬ್ರು ಬೇಕಂತೆ.”

ಮುಗಿಯಿತು ನನ್ನ ಕೌನ್ಸೆಲಿಂಗು. ಅಪ್ಪ ಇನ್ನೊಂದು ಕಾಯಿ ಎತ್ತಿ ಅಲ್ಲಾಡಿಸಿದರು. ಕಾಯಿಯ ಮಾತನ್ನು ಕೇಳಿದಷ್ಟು ಹೊತ್ತು ನನ್ನ ಮಾತನ್ನು ಕೇಳಲಿಲ್ಲವಲ್ಲ ಎಂದು ಅವತ್ತು ಅನ್ನಿಸಿತ್ತು. ಆಮೇಲೆ ಸಂಬಳದಲ್ಲಿ ಒಂದು ಸೈಕಲ್ಲು ಬಂತು, ಅನ್ನಿಸುವುದು ನಿಂತಿತು.

ಚಿಕ್ಕವನಾಗಿದ್ದಾಗ ನಾನು ಮಲಗುತ್ತಿದ್ದುದು ಆ ಅಟ್ಟದ ಕೆಳಗೇ. ಇಲಿ ಓಡಿದರೆ ಮೇಲೆ ಕಾಯಿ ಉರುಳುವ ಸದ್ದು. ಅದು ಕೊಳ್ಳಿದೆವ್ವ ಎಂದು ತಂಗಿಯನ್ನು ಹೆದರಿಸುತ್ತಿದ್ದೆ. ಅವಳು ಹೂಂ ಎಂದು ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಿದ್ದಳು. ನಾನು ಮಾತ್ರ ನನ್ನ ದೆವ್ವಕ್ಕೆ ನಾನೇ ಹೆದರಿ, ಚಾಪೆ ಸಮೇತ ಅಮ್ಮನ ಪಕ್ಕಕ್ಕೆ ಹೋಗುತ್ತಿದ್ದೆ. ಕೊಬ್ಬರಿಯ ಆ ಜಿಡ್ಡು ವಾಸನೆ ಹೊದಿಕೆಯಲ್ಲಿ, ಪಾಠದ ಪುಸ್ತಕದಲ್ಲಿ, ತಲೆಯಲ್ಲಿ ಎಲ್ಲ ಕಡೆ ಇರುತ್ತಿತ್ತು. ಹೈಸ್ಕೂಲಿನ ಮೇಷ್ಟ್ರು ಕಾಪಿ ಪುಸ್ತಕ ಮೂಸಿಯೇ ಇದು ಯಾರದೆಂದು ಹೇಳುತ್ತಿದ್ದರು.

ಆ ಕೊಬ್ಬರಿ ಮಂಡಿಯಲ್ಲಿ ನಾನು ಮುದುಕನಾಗುವವರೆಗೂ ಗುಮಾಸ್ತನಾಗಿದ್ದೆ. ಅಲ್ಲಿ ಕೊಬ್ಬರಿ ಹೋಗುವುದು ಟೆಂಡರ್ ಮೇಲೆ. ರೈತ ತನ್ನ ಚೀಲಗಳನ್ನು ಇಟ್ಟುಕೊಂಡು ಕೂತಿರುತ್ತಾನೆ, ವ್ಯಾಪಾರಿಗಳು ನೋಡಿ ಹೋಗಿ ಬೆಲೆ ಬರೆಯುತ್ತಾರೆ. ಹೆಚ್ಚು ಬರೆದವನಿಗೆ ಮಾಲು. ಆದರೆ ರೈತ ಒಪ್ಪಬೇಕು. ಇನ್ನೂ ಹೆಚ್ಚು ಬಂದೀತು ಎಂದು ಒಪ್ಪದೆ ಮುಂದಿನ ಸಂತೆಗೆ ಇಟ್ಟುಕೊಂಡವರಲ್ಲಿ ಎಷ್ಟೋ ಜನ ಇಳಿದ ಬೆಲೆಗೆ ಮಾರಿ, ಟವಲಿನಲ್ಲಿ ಮುಖ ಒರೆಸಿಕೊಂಡು ಹೋದದ್ದನ್ನು ಕಂಡಿದ್ದೇನೆ. ‘ಬಂದಿದ್ದಕ್ಕೆ ಒಪ್ಕಳಪ್ಪ, ನಾಳೆ ಇದೂ ಇರಾಕಿಲ್ಲ’ ಎಂದು ಎಷ್ಟು ಮಂದಿಗೆ ಬುದ್ಧಿ ಹೇಳಿದ್ದೇನೋ. ಕೇಳಿದವರು ನನ್ನನ್ನು ಬುದ್ಧಿವಂತ ಎಂದರು. ನಾನೂ ನಂಬಿದೆ. ಜೀವಮಾನವಿಡೀ ಒಂದೇ ಬುದ್ಧಿಯಿಂದ ಬದುಕಿದವನಿಗೆ ಅದು ಎಲ್ಲ ಕಡೆಗೂ ಆಗುತ್ತದೆ ಅನ್ನಿಸಿಬಿಡುತ್ತದೆ.

ಸಿಂಚನ ಪಿಯುಸಿ ಸೈನ್ಸ್ ತೆಗೆದುಕೊಂಡ ಮೇಲೆ ನಮ್ಮ ಮನೆಯಲ್ಲಿ ನಿಜವಾಗಿ ಓದಲು ಶುರುಮಾಡಿದವಳು ಅವಳ ತಾಯಿ. ಸೊಸೆ ಮದುವೆಗೆ ಮುಂಚೆ ಪಿಯುಸಿ ಒಂದು ವರ್ಷ ಓದಿ ಬಿಟ್ಟವಳು. ಮುದ್ದೆ ತಿರುವುವಾಗ ಪಕ್ಕದ ಡಬ್ಬಕ್ಕೆ ಫೋನು ಒರಗಿಸಿ, ಸಿಇಟಿ ಎಂದರೇನು, ಗ್ರಾಮೀಣ ಕೋಟಾ ಯಾರಿಗೆ, ಕಟ್ ಆಫ್ ಎಂದರೇನು ಎಂಬ ವಿಡಿಯೋಗಳನ್ನು ಕೇಳುತ್ತಿದ್ದಳು. ಒಂದು ಸಲ ವಿಡಿಯೋ ನಿಲ್ಲಿಸಲು ಹೋಗಿ ಫೋನಿಗೆ ರಾಗಿ ಹಿಟ್ಟು ಮೆತ್ತಿಕೊಂಡು, ಅದನ್ನು ಒರೆಸುವಷ್ಟರಲ್ಲಿ ಮುದ್ದೆ ತಳ ಹಿಡಿಯಿತು. ನಾನು ಗೊಣಗಿದೆ. “ಇವತ್ತೊಂದಿನ ಸೀದಿದ್ ಉಣ್ಣಿ ಮಾವ, ನಿಮ್ ಮೊಮ್ಮಗಳು ಡಾಕ್ಟ್ರಾಯ್ತಾಳೆ” ಎಂದಳು. ಸ್ವಲ್ಪ ದಿನದಲ್ಲೇ ಊರಿನ ಬೇರೆ ತಾಯಂದಿರೂ ಮಕ್ಕಳ ಅಂಕಪಟ್ಟಿ ಹಿಡಿದು ನಮ್ಮ ಜಗಲಿಗೆ ಬರತೊಡಗಿದರು. ಅವಳು ಅವರಿಗೆ ಜಾತಿ ಆದಾಯ ಪ್ರಮಾಣಪತ್ರ ಯಾವಾಗ ಮಾಡಿಸಬೇಕು, ಕನ್ನಡ ಮಾಧ್ಯಮಕ್ಕೆ ಯಾರ ಸಹಿ ಬೇಕು ಎಂದು ಬಿಡಿಸಿ ಹೇಳುತ್ತಿದ್ದಳು. ಹೇಳುವಾಗ ಅವಳ ಮುಖ ಬೇರೆಯೇ ಆಗುತ್ತಿತ್ತು.

ಡಾಕ್ಟರೆಂದರೆ ದನದ ಡಾಕ್ಟರು. ಸಿಂಚನ ಹೈಸ್ಕೂಲಿನಲ್ಲಿದ್ದಾಗ ನಮ್ಮ ಹಸುವಿಗೆ ಕರು ಅಡ್ಡ ಬಂದಿತ್ತು. ಪಶು ಆಸ್ಪತ್ರೆಯಿಂದ ಬಂದ ಡಾಕ್ಟರಮ್ಮ ಹೆಗಲವರೆಗೂ ಕೈಹಾಕಿ ಕರುವನ್ನು ತಿರುಗಿಸಿ ಹೊರಗೆ ಎಳೆದರು. ನಾನು ಗೋಡೆಯ ಕಡೆ ಮುಖಮಾಡಿ ನಿಂತಿದ್ದೆ. ಈ ಹುಡುಗಿ ಟಾರ್ಚು ಹಿಡಿದುಕೊಂಡು ‘ಈಗ ಕೈಗೆ ಏನು ಸಿಕ್ತು ಮೇಡಂ? ಕಾಲಾ, ತಲೆಯಾ?’ ಎಂದು ಕೇಳುತ್ತಿದ್ದಳು. ಅವತ್ತು ಹಿಡಿದ ಹಟ ಬಿಡಲಿಲ್ಲ.

ಕೃಷಿಕರ ಮಕ್ಕಳ ಕೋಟಾಕ್ಕೆ ಒಂದು ಪ್ರಾಕ್ಟಿಕಲ್ ಪರೀಕ್ಷೆಯಿದೆ. ಬೀಜ, ಗೊಬ್ಬರ, ಉಪಕರಣಗಳನ್ನು ಮುಂದಿಟ್ಟು ಇದೇನು ಎಂದು ಕೇಳುತ್ತಾರೆ. ಅದಕ್ಕೆ ತಯಾರು ಮಾಡಿದವನು ನಾನು. ಕೊಟ್ಟಿಗೆಯ ಮೂಲೆಯಲ್ಲಿದ್ದ ಕೂರಿಗೆ, ಕುಂಟೆಗಳನ್ನು ಹೊರಗೆಳೆದು ಧೂಳು ಹೊಡೆದೆ. ಸೊಸೆ ನವಣೆ, ಸಾಮೆ, ಹುಚ್ಚೆಳ್ಳು, ಅಲಸಂದೆಗಳನ್ನು ಸಣ್ಣ ಬಟ್ಟಲುಗಳಲ್ಲಿ ಇಟ್ಟಳು. ನಾನು ಪರೀಕ್ಷೆಯ ಸಾಹೇಬನಂತೆ ಕುರ್ಚಿ ಹಾಕಿಕೊಂಡು ಕೂತು ಕೇಳಿದೆ. ನಡುವೆ ಸೊಸೆ ಒಂದು ಬಟ್ಟಲು ತಂದು “ಇದೇನ್ ಹೇಳಿ ಮಾವ” ಎಂದಳು. ನಾನು ಕಣ್ಣು ಕಿರಿದು ಮಾಡಿ ಸಾಮೆ ಎಂದೆ. ಅದು ಅವಳು ಗಿಳಿಗೆ ಹಾಕಲೆಂದು ಅಂಗಡಿಯಿಂದ ತಂದಿದ್ದ ಯಾವುದೋ ಕಾಳು. ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನನ್ನು ಫೇಲು ಮಾಡಿ ಸಿಂಚನ ಒಳ್ಳೆಯ ಅಂಕ ತಂದಳು. ಅವರಿಬ್ಬರೂ ಒಟ್ಟಿಗೆ ಹಾಗೆ ನಕ್ಕದ್ದನ್ನು ನಾನು ಆಮೇಲೆ ಎಷ್ಟೋ ಸಲ ನೆನೆಸಿಕೊಳ್ಳಬೇಕಾಯಿತು.

ಇನ್ನು ಓಟಿಪಿ. ಮೊದಲ ಅರ್ಜಿ ಹಾಕಿದ್ದು ನಯಾಜ್‌ನ ಅಂಗಡಿಯಲ್ಲಿ. ಮಗನ ಫೋನು ದಾರಿಯಲ್ಲಿರುತ್ತದೆ, ಸೊಸೆಯದು ನಂಬರು ಬದಲಾಗುತ್ತಿರುತ್ತದೆ ಎಂದು ಎಂದೂ ಬದಲಾಗದ ನನ್ನ ನಂಬರು ಕೊಟ್ಟರು. ಅಲ್ಲಿಂದ ನನ್ನ ಯೋಗ ತಿರುಗಿತು. ಆ ವೆಬ್‌ಸೈಟಿನ ಬಾಗಿಲು ತೆರೆಯಬೇಕಾದರೆ ಪ್ರತಿ ಸಲವೂ ಅಂಕಿಗಳು ನನ್ನ ಜೇಬಿಗೇ ಬರಬೇಕು. “ಮಾವಾ, ಓಟಿಪಿ ಬಂತಾ?” ಎಂದು ಸೊಸೆ ಹಿತ್ತಲಿನಿಂದ ಕೂಗುವಳು. ನಾನು ತೋಟದಿಂದ ಒಂದೊಂದು ಅಂಕಿಯನ್ನೂ ಹರಾಜು ಕೂಗಿದಂತೆ ಕೂಗುವೆ. ಪಕ್ಕದ ತೋಟದವರು “ಎಷ್ಟುಕ್ ನಿಂತ್ಕಂತು?” ಎಂದು ಕೇಳುವರು. ಕನ್ನಡಕ ಹುಡುಕುವಷ್ಟರಲ್ಲಿ ಅದರ ಅವಧಿ ಮುಗಿದು ಹೋಗಿ ಇನ್ನೊಂದು ಬರುವುದು. ತಮಾಷೆ ಇರಲಿ, ನನಗೆ ಅದರಲ್ಲಿ ಬಹಳ ಸುಖವಿತ್ತು. ಮಂಡಿ ಬಿಟ್ಟ ಮೇಲೆ ನಾನಿಲ್ಲದೆ ನಡೆಯದ ಕೆಲಸವೊಂದು ಮತ್ತೆ ಸಿಕ್ಕಿತ್ತು.

ಆಪ್ಷನ್ ಎಂಟ್ರಿ ಎಂಬುದೊಂದಿದೆ, ಮಕ್ಕಳಿರುವ ಮನೆಯವರಿಗೆ ಗೊತ್ತಿರುತ್ತದೆ. ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಮೇಲಿಂದ ಕೆಳಕ್ಕೆ ಜೋಡಿಸಿಡಬೇಕು. ಕಂಪ್ಯೂಟರು ಮೇಲಿನಿಂದ ನೋಡುತ್ತಾ ಬಂದು, ರ‍್ಯಾಂಕಿಗೆ ಎಲ್ಲಿ ಸೀಟು ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಅದರ ಕೆಳಗಿನವೆಲ್ಲ ಅಳಿಸಿಹೋಗುತ್ತವೆ. ಸೊಸೆ ತನ್ನ ಫೋನಿನಲ್ಲಿ ಪಶುವೈದ್ಯಕೀಯ ಕಾಲೇಜುಗಳನ್ನೆಲ್ಲ ಮೇಲೆ ಇಟ್ಟಳು. ಸಿಂಚನಳ ರ‍್ಯಾಂಕಿಗೆ ಹಾಸನ, ಶಿವಮೊಗ್ಗ ಕಷ್ಟ, ಬೀದರ್ ಸಿಗಬಹುದು ಎಂಬುದು ಅವಳ ಲೆಕ್ಕ. ಎಲ್ಲಕ್ಕಿಂತ ಕೆಳಗೆ, ಏನೂ ಸಿಗದಿದ್ದರೆ ಇರಲಿ ಎಂದು, ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದಾದ ಒಂದು ಇಂಜಿನಿಯರಿಂಗ್ ಕಾಲೇಜು.

“ಬೀದರ್ರಾ? ಅಲ್ಲಿಗಂಟ ಹೋಗಿ ದನ ನೋಡ್ಬೇಕಾ? ಇಲ್ಲಿ ದನ ಇಲ್ವಾ?” ಎಂದೆ.

“ಇಲ್ಲಿ ದನ ಐತೆ ತಾತ, ಕಾಲೇಜಿಲ್ಲ” ಎಂದಳು ಸಿಂಚನ.

ನಿಜವಾದ ಹಂಚಿಕೆಗೆ ಮುಂಚೆ ಒಂದು ಅಣಕು ಹಂಚಿಕೆ ಮಾಡುತ್ತಾರೆ. ಅದರಲ್ಲಿ ಬೀದರ್ ಬರಲಿಲ್ಲ, ಹತ್ತಿರದ ಇಂಜಿನಿಯರಿಂಗ್ ಕಾಲೇಜು ಬಂತು. ನನ್ನ ಮಂಡಿ ತಲೆ ಎದ್ದು ಕೂತಿತು. “ಇಷ್ಟು ಬಂದೈತಲ್ಲ, ಒಪ್ಕಳಿ. ಮೇಲಿಂದಕ್ಕೆ ಆಸೆಪಟ್ರೆ ನಾಳೆ ಇದೂ ಹೋಯ್ತದೆ” ಎಂದೆ.

“ಇಲ್ಲ ಮಾವ, ಇದು ಸುಮ್ನೆ ತಾಲೀಮು ಇದ್ದಂಗೆ. ಮುಂದ್ಲೋರು ಮೆಡಿಕಲ್‌ಗೆ ಹೋದ್ರೆ ಮೇಲೆ ಜಾಗ ಆಯ್ತದೆ. ಕೆಳಗಿಂದು ಎಲ್ಲೂ ಹೋಗಲ್ಲ” ಎಂದು ಸೊಸೆ ಸಮಾಧಾನವಾಗಿ ಹೇಳಿದಳು. ನಾನು ಅರ್ಥವಾದವನಂತೆ ತಲೆಯಾಡಿಸಿದೆ.

ಆಪ್ಷನ್‌ಗಳ ಕ್ರಮ ಬದಲಾಯಿಸಲು ಕಡೆಯ ದಿನ ತಾಯಿ ಮಗಳಿಬ್ಬರೂ ಕಂದಿಕೆರೆಗೆ, ಸೊಸೆಯ ತಮ್ಮನ ಮಗುವಿನ ನಾಮಕರಣಕ್ಕೆ ಹೋದರು. ಬೆಳಿಗ್ಗೆ ಬಸ್ಸಿನಿಂದ ಸೊಸೆ ಫೋನು ಮಾಡಿ, “ಕೊನೇ ಸಲ ನೋಡ್ಕಂಬುಡ್ತೀನಿ ಮಾವ, ಓಟಿಪಿ ಹೇಳಿ” ಎಂದಳು. ಹೇಳಿದೆ. ಎಲ್ಲ ಸರಿಯಾಗಿದೆಯೆಂದು ಫೋನಿಟ್ಟಳು. ಮಧ್ಯಾಹ್ನ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ತುರುವೇಕೆರೆಗೆ ಹೊರಟೆ.

ನಯಾಜ್ ಸ್ಟೂಲು ಎಳೆದ. ಬಂದ ಕೆಲಸ ಹೇಳಿದೆ.

“ಅಕ್ಕಾನೇ ಫೋನಲ್ಲಿ ಎಲ್ಲಾ ಮಾಡ್ಕಂಡ್ರಲ್ಲ ಯಜಮಾನ್ರೆ?”

“ಅವ್ಳಿಗೆ ಪುರ್ಸೊತ್ತಿಲ್ಲ ಕಣಪ್ಪ. ನನ್ನ ಕಳ್ಸವ್ಳೆ.”

ಅರ್ಜಿಯ ನಂಬರು, ಪಾಸ್‌ವರ್ಡು ಅವನ ಬಳಿ ಮೊದಲೇ ಇದ್ದವು. ನನ್ನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಆ ಸಲ ಮಾತ್ರ ನಾನು ಅಂಕಿಗಳನ್ನು ಮೆಲ್ಲಗೆ ಹೇಳಿದೆ. ಕೆಳಗಿದ್ದ ಕಾಲೇಜನ್ನು ಎಲ್ಲಕ್ಕಿಂತ ಮೇಲೆ ಇಡು ಎಂದೆ.

“ಇದನ್ನ ಮೇಲಕ್ಕೆ ತಂದ್ರೆ ಇದೇ ಸಿಕ್ಬುಡ್ತದೆ. ಕೆಳಗಿಂದೆಲ್ಲಾ ಹೋಯ್ತದೆ. ಗೊತ್ತಲ್ವಾ?”

“ಗೊತ್ತು, ಮಾಡು.”

ಗೊತ್ತಿತ್ತೇ? ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಷ್ಟು ಸಲ ಬೇರೆ ಯಾವುದನ್ನೂ ಕೇಳಿಕೊಂಡಿಲ್ಲ. ಸಿಕ್ಕಿದ್ದು ಕೈಬಿಟ್ಟು ಹೋದೀತೆಂಬ ಮಂಡಿಯ ಹೆದರಿಕೆ ಇದ್ದದ್ದು ನಿಜ. ಅದರ ಕೆಳಗೆ ಇನ್ನೊಂದಿತ್ತು. ಹುಡುಗಿ ಸಂಜೆ ಬಸ್ಸಿಳಿದು ಬಂದು, ಚೀಲ ಬಿಸಾಡಿ, ನನ್ನ ಪಕ್ಕದಲ್ಲಿ ಕೂತು ಕಾಲೇಜಿನ ಕಥೆ ಹೇಳುವುದು ನನಗೆ ಬೇಕಾಗಿತ್ತು. ನಯಾಜ್ ಹೇಳಿದ ಮಾತು ಕಿವಿಗೆ ಚೆನ್ನಾಗಿಯೇ ಬಿದ್ದಿತ್ತು. ಅದನ್ನು ಕೇಳಿಸಿಕೊಳ್ಳದೆ ಇರಲು ನನಗೆ ಕಾರಣವಿತ್ತು, ಅಷ್ಟೇ.

ಹಂಚಿಕೆಯ ದಿನ ಬೆಳಿಗ್ಗೆ ಸೊಸೆ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದಳು. ಸಿಂಚನ ಅವಳ ಹೆಗಲಿನ ಮೇಲೆ ಗದ್ದ ಊರಿ ನೋಡುತ್ತಿದ್ದಳು. ಸಿಕ್ಕಿದ್ದು ಹತ್ತಿರದ ಇಂಜಿನಿಯರಿಂಗ್ ಕಾಲೇಜು, ಪಟ್ಟಿಯಲ್ಲಿ ಅದೇ ಮೊದಲನೆಯದು. ಆಮೇಲೆ ಸಿಂಚನ ಕೇಳಿದಳು: “ಇದು ಮೇಲೆ ಹೆಂಗ್ ಬಂತಮ್ಮ?”

ಸೊಸೆ ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. ಮತ್ತೆ ಸರಿಸಿದಳು. “ನಾನು ಬಸ್ಸಲ್ಲಿ ನೋಡ್ದಾಗ ಸರಿಯಾಗೇ ಇತ್ತಲ್ಲೇ” ಎಂದಳು.

“ಬಸ್ಸಲ್ಲಿ ಯಾಕ್ ತೆಗೆದೆ? ಸುಮ್ನೆ ಬಿಟ್ಟಿದ್ರೆ ಸಾಕಾಗಿತ್ತು. ಯಾಕಮ್ಮ ಮುಟ್ಟಿದೆ?”

ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗ ಎಲ್ಲೋ ಡಾಬಾದಿಂದ ಫೋನು ಮಾಡಿದ. ಅವನ ದನಿ ಜಗಲಿಗೆಲ್ಲ ಕೇಳುತ್ತಿತ್ತು. “ನಾನಿಲ್ಲಿ ರೋಡಲ್ಲಿ ಸಾಯ್ತಾ ಇವ್ನಿ. ಮನೇಲಿ ಕೂತ್ಕಂಡು ಅದೊಂದು ನೆಟ್ಗೆ ಮಾಡಾಕಾಗ್ಲಿಲ್ವೇನ್ ಕಣೇ ನಿಂಗೆ? ಊರೋರ್ಗೆಲ್ಲಾ ಹೇಳ್ಕೊಡಾಕ್ ಹೋಯ್ತೀಯ.” ಸೊಸೆ ಹೂಂ ಹೂಂ ಎಂದಷ್ಟೇ ಅನ್ನುತ್ತಿದ್ದಳು. ನಾನು ಎರಡಡಿ ದೂರದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಬಾಯಿ ತುಂಬಿರುವುದು ಎಷ್ಟು ಅನುಕೂಲ ಎಂದು ಅವತ್ತು ತಿಳಿಯಿತು.

ನಿಯಮದ ಪ್ರಕಾರ ಮುಂದೆ ಏನೂ ಮಾಡುವಂತಿರಲಿಲ್ಲ. ಮೊದಲನೆಯದೇ ಸಿಕ್ಕಿದ ಮೇಲೆ ಅದಕ್ಕಿಂತ ಮೇಲಿನದು ಎಂಬುದಿಲ್ಲವಲ್ಲ. ಬೀದರ್‌ನ ಸೀಟು ಸಿಂಚನಳಿಗಿಂತ ಹಿಂದಿನ ರ‍್ಯಾಂಕಿನ ಹುಡುಗನಿಗೆ ಸಿಕ್ಕಿತೆಂದು ಅವಳ ಗೆಳತಿಯೊಬ್ಬಳು ಹೇಳಿದಳು.

ಅದೇ ದಿನ ಹೊತ್ತು ಇಳಿಯುವಾಗ ನಾನು ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಸೊಸೆ ಬಂದು ಕಂಬ ಹಿಡಿದು ನಿಂತಳು.

“ಮಾವ, ನನ್ ಬೆರಳೇ ತಾಗಿರ್ಬೇಕು. ಬಸ್ಸು ಹಂಪು ಹತ್ತಿ ಕುಕ್ಕುರಿಸ್ತು. ಆಗ್ಲೇ ಅದು ಮೇಲಕ್ ಹೋಗಿರ್ಬೇಕು. ಸೇವ್ ಅಂತ ಒತ್ತಿದ್ನೋ ಏನೋ, ಅದೂ ನೆನಪಾಗ್ತಿಲ್ಲ. ಎಲ್ರೂ ಬೈದಾಯ್ತು, ನೀವೂ ಬೈದ್ಬುಡಿ.”

ಆಗ ಹೇಳಬಹುದಿತ್ತು. ಅವಳೂ ನಾನೂ ಹಸುವೂ ಬಿಟ್ಟರೆ ಯಾರಿರಲಿಲ್ಲ. ನಾನು ಹುಲ್ಲಿನ ಕಟ್ಟು ಬಿಚ್ಚುತ್ತಾ ಹೇಳಿದ್ದು ಇದು: “ಬೈಯೋದೇನೈತೆ ಬುಡಮ್ಮ. ಆಗಿದ್ದಾಗೋಯ್ತು. ಯಾರ ಕೈಯಲ್ಲಾದ್ರೂ ಆಯ್ತದೆ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. “ನೀವೊಬ್ರೇ ಮಾವ, ನಂಗೆ ಒಂದ್ ಮಾತೂ ಅನ್ಲಿಲ್ಲ” ಎಂದಳು.

ನಾನು ಮಾಡಿದ ತಪ್ಪಿಗೆ ನಾನೇ ಅವಳನ್ನು ಮನ್ನಿಸಿದೆ. ಅಂದಿನಿಂದ ಅವಳಿಗೆ ನನ್ನ ಮೇಲೆ ಇನ್ನೂ ಹೆಚ್ಚಿನ ಗೌರವ. ನನಗೆ ತುಪ್ಪ ಮೊದಲು, ಬಿಸಿನೀರು ಮೊದಲು. ಮಗನ ಎದುರು ‘ಮಾವನ ಗುಣ ನೋಡಿ ಕಲೀರಿ’ ಎಂದೂ ಒಂದು ಸಲ ಹೇಳಿದಳು. ನಾನು ಅದನ್ನೂ ಕೇಳಿಸಿಕೊಂಡು ಉಂಡೆ.

ಸಿಂಚನ ಇಂಜಿನಿಯರಿಂಗಿಗೆ ಸೇರಿದಳು. ನಾನು ಬಯಸಿದಂತೆಯೇ ಸಂಜೆ ಬಸ್ಸಿಳಿದು ಮನೆಗೆ ಬಂದಳು. ಆದರೆ ಕಥೆ ಹೇಳಲಿಲ್ಲ. ತಾಯಿಯ ಜೊತೆ ಡಬ್ಬಿ ಎಲ್ಲಿ, ಬಸ್ಸಿಗೆ ಹೊತ್ತಾಯ್ತು, ಇಷ್ಟೇ ಮಾತು. ಕಾಲ ಕಳೆದಂತೆ ಮಾತು ಸ್ವಲ್ಪ ಬೆಳೆಯಿತು, ಆದರೆ ಅವರ ನಡುವಿನ ಆ ಸಲಿಗೆ ಬರಲಿಲ್ಲ. ಮಗಳನ್ನು ಏನಾದರೂ ಕೇಳುವ ಮುಂಚೆ ಸೊಸೆ ಅವಳ ಮುಖ ನೋಡುವುದನ್ನು ಕಲಿತಳು. ಇನ್ನೂ ಒಂದಾಯಿತು. ಅಷ್ಟೆಲ್ಲ ತಾನೇ ಕಲಿತು ಊರಿಗೆ ಹೇಳಿಕೊಡುತ್ತಿದ್ದವಳು ಫೋನು ಮುಟ್ಟಲು ಹೆದರತೊಡಗಿದಳು. ಗ್ಯಾಸು ಬುಕ್ ಮಾಡಬೇಕಾದರೂ “ನೀನೇ ಒತ್ತಮ್ಮ” ಎಂದು ಪಕ್ಕದ ಮನೆಯವರಿಗೆ ಕೊಡುತ್ತಾಳೆ. ವಿಡಿಯೋ ಕೇಳುವುದಂತೂ ನಿಂತೇಹೋಯಿತು. ಮುದ್ದೆ ಈಗ ಎಂದೂ ಸೀಯುವುದಿಲ್ಲ.

ಈ ವರ್ಷ ನಮ್ಮ ಹಸುವಿಗೆ ಹೊಟ್ಟೆ ಉಬ್ಬರಿಸಿತು. ಡಾಕ್ಟರು ಬರುವುದು ತಡವಾಗಿತ್ತು. ರಜಾದಲ್ಲಿ ಮನೆಯಲ್ಲಿದ್ದ ಸಿಂಚನ ಹಸುವಿನ ಎಡಪಕ್ಕೆಯನ್ನು ಬೆರಳಿಂದ ತಟ್ಟಿ ನೋಡಿ, “ತಾತ, ಮುಂಗಾಲು ಎತ್ತರಕ್ಕೆ ನಿಲ್ಸು, ಮಲಗಕ್ಕೆ ಬಿಡ್ಬೇಡ, ಎಡಗಡೆ...” ಎಂದವಳು ಥಟ್ಟನೆ ನಿಲ್ಲಿಸಿದಳು. ಕೈ ಒರೆಸಿಕೊಂಡು, “ನಂಗೇನ್ ಗೊತ್ತು. ನಾನು ಕಂಪ್ಯೂಟರ್ ಓದ್ತಿರೋಳು” ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇನ್ನೂ ಸ್ವಲ್ಪ ಕಾಲ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಡಾಕ್ಟರು ಬಂದು ಹೋದ ಮೇಲೆ ಅವಳನ್ನು ಅಲ್ಲೇ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ನಯಾಜ್‌ನ ಅಂಗಡಿ, ಸುಳ್ಳು, ಮೆಲ್ಲಗೆ ಓದಿದ ಓಟಿಪಿ.

“ತಪ್ಪಾಯ್ತು ಕಣವ್ವ” ಎಂದೆ.

ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಬೇರೆ.

“ಅಮ್ಮಂಗೆ ಹೇಳಿದ್ಯಾ?”

“ಇಲ್ಲ.”

“ನಾನು ಅಮ್ಮನ ಕೈಲಿ ಒಂದ್ ವರ್ಷ ನೆಟ್ಟಗೆ ಊಟ ಹಾಕಿಸ್ಕಂಡಿಲ್ಲ ತಾತ. ನಾನೇ ಬಡಿಸ್ಕಂತೀನಿ ಅಂತಿದ್ದೆ.” ಎದ್ದು ನಿಂತು ಹೇಳಿದಳು: “ನಾನ್ ಹೇಳಲ್ಲ. ಅದು ನೀನ್ ಹೇಳ್ಬೇಕಾದ್ದು.”

ಅವತ್ತು ಸಂಜೆ ಸಿಂಚನ ಎಣ್ಣೆ ಬಟ್ಟಲು ತಂದು ತಾಯಿಯ ಮುಂದಿಟ್ಟು ಬೆನ್ನು ಮಾಡಿ ಕೂತಳು. “ಇದೇನೇ ಇವತ್ತು?” ಎಂದಳು ಸೊಸೆ. “ಸುಮ್ನೆ ಹಚ್ಚಮ್ಮ” ಎಂದಳು. ಸೊಸೆ ಆ ತಲೆಯನ್ನು ಮುಟ್ಟುವಾಗ ಎಷ್ಟು ಹುಷಾರಾಗಿ ಮುಟ್ಟಿದಳೆಂದರೆ, ಜೋರಾಗಿ ತಿಕ್ಕಿದರೆ ಹುಡುಗಿ ಎದ್ದು ಹೋಗಿಬಿಡುತ್ತಾಳೇನೋ ಎಂಬಂತೆ. ನಾನು ನೋಡಲಾರದೆ ಹೊರಗೆ ಬಂದೆ.

ಅಷ್ಟಾದರೂ ಸೊಸೆಗೆ ಹೇಳಲಿಲ್ಲ. ಹಾಗೇ ಈ ವರ್ಷದ ಆಪ್ಷನ್ ಕಾಲ ಬಂತು. ನಿನ್ನೆ ಹಿಂದಿನ ಬೀದಿಯ ಗಿರಿಜಮ್ಮ ತನ್ನ ಮಗಳನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದಳು.

“ನೀವೇ ಕೂತು ಜೋಡ್ಸಿ ಕೊಡ್ಬೇಕು ಕಣಕ್ಕ. ನನ್ ಕೂಸು ನರ್ಸಿಂಗ್ ಬೇಕು ಅಂತದೆ. ನಂಗೇನೂ ತಿಳಿಯಾಕಿಲ್ಲ.”

“ನಂಗೆ ಬರಲ್ಲ ಗಿರಿಜಕ್ಕ” ಎಂದಳು ಸೊಸೆ. “ಸ್ವಂತ ಮಗಳ್ದೇ ಹಾಳ್ಮಾಡ್ದೋಳು ನಾನು. ನಿಮ್ ಮಗೂದು ಮುಟ್ಟಲ್ಲ. ಬೇರೆ ಯಾರ್ನಾರ ಕೇಳಿ.”

ಆ ಹುಡುಗಿ ಅಂಕಪಟ್ಟಿಯನ್ನು ಮಡಿಸಿ ಕವರಿಗೆ ಹಾಕಿಕೊಂಡಿತು. ಅವರು ಗೇಟು ದಾಟಿ ಹೋಗುವವರೆಗೂ ಸೊಸೆ ಅಲ್ಲೇ ನಿಂತಿದ್ದಳು. ನಾನು ಕುರ್ಚಿಯಲ್ಲಿದ್ದೆ. ಎದ್ದು ಒಳಗೆ ಹೋಗಿ ಹಾಳೆ ತೆಗೆದುಕೊಂಡು ಇದನ್ನು ಬರೆಯಲು ಕೂತೆ.

ಬಾಯಲ್ಲಿ ಹೇಳುವುದು ಬಿಟ್ಟು ಬರೆಯುವುದೇಕೆ ಎಂದು ನೀವು ಕೇಳಬಹುದು. ಅದೂ ಹೇಡಿತನವೇ, ಒಪ್ಪುತ್ತೇನೆ. ಆದರೆ ಇದರಲ್ಲಿ ತಪ್ಪಿಸಿಕೊಳ್ಳಲಾಗದ ಒಂದು ಸಂಗತಿಯಿದೆ. ನನಗೀಗ ಅಚ್ಚಿನ ಅಕ್ಷರ ಕಾಣುವುದಿಲ್ಲ. ಬರೆಯುವಾಗ ದೊಡ್ಡದಾಗಿ ಬರೆದುಕೊಳ್ಳುತ್ತೇನೆ, ಓದಲು ಇನ್ನೊಬ್ಬರು ಬೇಕು. ಭಾನುವಾರ ಊಟವಾದ ಮೇಲೆ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುವವಳು ಸೊಸೆಯೇ. ಇದನ್ನು ಆ ಪತ್ರಿಕೆಗೇ ಕಳಿಸುತ್ತಿದ್ದೇನೆ, ಅಚ್ಚಾಗಿ ಬಂದರೆ ಅವಳೇ ಓದುತ್ತಾಳೆ. ರಂಗಸ್ವಾಮಿಯ ಮಾತಿಗೆ ನಗುತ್ತಾಳೆ. ಬಸ್ಸು, ಹಂಪು ಎಂಬಲ್ಲಿಗೆ ಬಂದಾಗ ನಿಲ್ಲಿಸುತ್ತಾಳೆ. ನಾನು ಎದುರಿಗೇ ಕೂತಿರುತ್ತೇನೆ. ಮುಂದೆ ಓದಮ್ಮ, ಕೊನೆಯ ಸಾಲಿನವರೆಗೂ ಓದು ಎನ್ನುತ್ತೇನೆ.

ಮಗಳ ಸೀಟು ಕಳೆದವಳು ಅವಳಲ್ಲ, ನಾನು. ಅದನ್ನು ಅವಳಿಗೆ ಹೇಳದೆ, ಅವಳ ಕ್ಷಮೆಯನ್ನೂ ಕೇಳದೆ ಇಷ್ಟು ಕಾಲ ಅವಳ ಕೈಯಲ್ಲೇ ಉಂಡೆ. ಅವಳು ಕಂದಿಕೆರೆಯ ಮಗಳು, ನಮ್ಮ ಸಿಂಚನಳ ತಾಯಿ, ನನ್ನ ಸೊಸೆ ಮಂಜುಳ.